ಹೈಸ್ಕೂಲಿನಲ್ಲೇ ಕಾಲೇಜಿನ ಓದು

ಅಮೆರಿಕದಲ್ಲಿ ಹೈಸ್ಕೂಲು ಎಂದರೆ ಒಂಬತ್ತರಿಂದ ಹನ್ನೆರಡನೆಯ ತರಗತಿಯವರೆಗಿನ ನಾಲ್ಕು ವರ್ಷ. ಕರ್ನಾಟಕದ ಪಿಯುಸಿಗೆ ಸಮನಾದ ಓದೂ ಅದರೊಳಗೇ ಸೇರುತ್ತದೆ. ಈ ಹಂತದಲ್ಲೇ ಕಾಲೇಜು ಮಟ್ಟದ ವಿಷಯಗಳನ್ನು ಓದಲು ಅಲ್ಲಿ ಮುಖ್ಯವಾಗಿ ಎರಡು ದಾರಿಗಳಿವೆ. ಕಾಲೇಜ್ ಬೋರ್ಡ್ ಎಂಬ ಸಂಸ್ಥೆ 1955ರಿಂದ ನಡೆಸುತ್ತಿರುವ ಅಡ್ವಾನ್ಸ್ಡ್ ಪ್ಲೇಸ್‌ಮೆಂಟ್, ಅಂದರೆ ಎಪಿ ವ್ಯವಸ್ಥೆಯಲ್ಲಿ ಶಾಲೆಯ ಅಧ್ಯಾಪಕರೇ ಪಾಠ ಹೇಳುತ್ತಾರೆ. ಮೇ ತಿಂಗಳ ಪರೀಕ್ಷೆಯಲ್ಲಿ 5ಕ್ಕೆ 3 ಅಥವಾ ಹೆಚ್ಚು ಪಡೆದವರಿಗೆ ಅನೇಕ ಕಾಲೇಜುಗಳು ಕ್ರೆಡಿಟ್, ಎಂದರೆ ಪದವಿಯ ಲೆಕ್ಕಕ್ಕೆ ಸೇರುವ ಕಲಿಕೆಯ ಘಟಕಗಳನ್ನು, ಕೊಡುತ್ತವೆ. ಡ್ಯುಯಲ್ ಎನ್‌ರೋಲ್‌ಮೆಂಟ್ ಎಂಬ ಇನ್ನೊಂದು ದಾರಿಯಲ್ಲಿ ವಿದ್ಯಾರ್ಥಿ ಕಾಲೇಜಿನಲ್ಲೂ ದಾಖಲಾಗಿ ಓದುವುದರಿಂದ, ಅದೇ ಓದು ಶಾಲೆಗೂ ಕಾಲೇಜಿಗೂ ಸಲ್ಲುತ್ತದೆ.

ಸಾಮಾನ್ಯವಾಗಿ ಪದವಿಗೆ 120 ಕ್ರೆಡಿಟ್ ಬೇಕು, ಒಂದು ವಿಷಯಕ್ಕೆ 3 ಸಿಗುತ್ತದೆ. ಹೀಗಾಗಿ ಐದು ವಿಷಯ ಮೊದಲೇ ಮುಗಿಸಿದವರಿಗೆ ಒಂದು ಸೆಮಿಸ್ಟರಿನ ಶುಲ್ಕವೂ ವಸತಿಯ ಖರ್ಚೂ ಉಳಿಯಬಹುದು, ಸಾಲ ಮಾಡಿ ಓದುವ ಮನೆಗಳಿಗೆ ಇದು ಸಣ್ಣ ಮೊತ್ತವಲ್ಲ.

ಆದರೆ ಹಣಕ್ಕಿಂತ ದೊಡ್ಡ ಲಾಭ ಓದುವ ರೀತಿಯಲ್ಲೇ ಇದೆ. ಎಪಿಯ ಅಮೆರಿಕನ್ ಇತಿಹಾಸದ ಪತ್ರಿಕೆಯಲ್ಲಿ ಭಾಷಣ, ಪತ್ರ, ವ್ಯಂಗ್ಯಚಿತ್ರದಂಥ ಏಳು ದಾಖಲೆಗಳನ್ನು ಮುಂದಿಡುತ್ತಾರೆ. ವಿದ್ಯಾರ್ಥಿ ಅವುಗಳನ್ನು ಓದಿ, ಯಾರು ಯಾರಿಗಾಗಿ ಏಕೆ ಬರೆದರೆಂದು ತೂಗಿ ನೋಡಿ, ಸುಮಾರು ಒಂದು ಗಂಟೆಯೊಳಗೆ ತನ್ನದೇ ವಾದವನ್ನು ಕಟ್ಟಬೇಕು. ಉರು ಹೊಡೆದ ಉತ್ತರ ಇಲ್ಲಿ ನಡೆಯದು. ಇಂಥ ಅಭ್ಯಾಸ ಮನೆಯವರೂ ಪರಿಚಿತ ಅಧ್ಯಾಪಕರೂ ಜೊತೆಗಿರುವಾಗಲೇ ಆದರೆ, ಮುಂದೆ ಕಾಲೇಜಿನ ಮೊದಲ ವರ್ಷದಲ್ಲಿ ಕಂಗೆಡುವ ಪ್ರಮೇಯ ಕಡಿಮೆಯಾಗುತ್ತದೆ.

ಇದರ ಅಗತ್ಯ ಎಲ್ಲರಿಗಿಂತ ಹೆಚ್ಚಾಗಿರುವುದು ಮನೆತನದಲ್ಲಿ ಮೊದಲ ಬಾರಿಗೆ ಕಾಲೇಜಿನ ಮೆಟ್ಟಿಲು ಹತ್ತುವ ಮಕ್ಕಳಿಗೆ. ಆದರೆ ಬಡ ಹಾಗೂ ಹಳ್ಳಿಗಾಡಿನ ಶಾಲೆಗಳಲ್ಲೇ ಎಪಿ ತರಗತಿಗಳು ವಿರಳ ಎಂಬುದು ನೋವಿನ ಸಂಗತಿ. ಈ ಕಾರಣಕ್ಕೆ, ಬೋಧನಾ ಶುಲ್ಕವನ್ನೂ ಪುಸ್ತಕದ ವೆಚ್ಚವನ್ನೂ ವಿದ್ಯಾರ್ಥಿಯ ಮೇಲೆ ಹೊರಿಸದ ಮಿನ್ನೆಸೋಟ ರಾಜ್ಯದ ಡ್ಯುಯಲ್ ಎನ್‌ರೋಲ್‌ಮೆಂಟ್ ಯೋಜನೆ, 1985ರಲ್ಲಿ ಆರಂಭವಾದದ್ದು, ಇಂದಿಗೂ ಮಾದರಿಯಾಗಿ ನಿಲ್ಲುತ್ತದೆ.

ಎಚ್ಚರಿಕೆಯೂ ಬೇಕು. ಎಲ್ಲ ವಿಶ್ವವಿದ್ಯಾಲಯಗಳೂ ಈ ಕ್ರೆಡಿಟ್‌ಗಳನ್ನು ಒಪ್ಪುವುದಿಲ್ಲ. ಡ್ಯುಯಲ್ ಎನ್‌ರೋಲ್‌ಮೆಂಟಿನಲ್ಲಿ ಬಂದ ಗ್ರೇಡು ಕಾಲೇಜಿನ ಶಾಶ್ವತ ದಾಖಲೆಗೆ ಸೇರುವುದರಿಂದ, ಸಿದ್ಧತೆಯಿಲ್ಲದೆ ಹೆಚ್ಚು ವಿಷಯಗಳನ್ನು ಹೊತ್ತುಕೊಂಡರೆ ಹದಿನಾರರ ವಯಸ್ಸಿನ ಒಂದು ಸೋಲು ಮುಂದಿನ ಪ್ರವೇಶಾತಿಗೂ ತೊಡಕಾಗಬಹುದು.