ಪರಮಾಣು ಬೀಜದ ಗಾತ್ರ: ಅಳೆದುದೆಷ್ಟು, ಊಹಿಸಿದುದೆಷ್ಟು?

ಪರಮಾಣುವಿನ ಬೀಜವನ್ನು 1911ರಲ್ಲಿ ಅರ್ನೆಸ್ಟ್ ರುದರ್‌ಫರ್ಡನು ಕಂಡುಹಿಡಿದನೆಂದೂ ಚಿನ್ನದ ತಗಡಿನ ಪ್ರಯೋಗದಿಂದ ಅದರ ಗಾತ್ರವನ್ನು ಅಳೆದನೆಂದೂ ತರಗತಿಗಳಲ್ಲಿ ಒಂದೇ ಉಸಿರಿನಲ್ಲಿ ಹೇಳುವುದು ರೂಢಿಯಾಗಿದೆ. ಈ ವಾಕ್ಯದ ಪೂರ್ವಾರ್ಧ ಸತ್ಯ. ಉತ್ತರಾರ್ಧ ಸತ್ಯವಲ್ಲ. ಬೀಜವು ಇದಕ್ಕಿಂತ ದೊಡ್ಡದಾಗಿರಲಾರದು ಎಂಬ ಒಂದು ಮೇರೆಯನ್ನು ಮಾತ್ರ ಅವನು ಸ್ಥಾಪಿಸಿದನು. ಮೇರೆಯನ್ನು ಗೊತ್ತುಮಾಡುವುದು ಬೇರೆ, ಅಳತೆ ಮಾಡುವುದು ಬೇರೆ.

ಭೌತವಿಜ್ಞಾನದ ಈ ಪ್ರಸಂಗದಲ್ಲಿ ಇತಿಹಾಸದ ಅಧ್ಯಾಪಕನಿಗೇನು ಕೆಲಸವೆಂದು ವಾಚಕರು ಕೇಳಬಹುದು. ಶಾಸನವೊಂದು ಕೆರೆಯ ತೂಬನ್ನು ಹೆಸರಿಸಿ, ಅದರ ಕೆಳಗಿನ ಗದ್ದೆಯನ್ನು ದಾನಕೊಟ್ಟ ಸಂಗತಿಯನ್ನು ಹೇಳುತ್ತದೆಯೆಂದಿಟ್ಟುಕೊಳ್ಳೋಣ. ಆ ಶಾಸನ ಹುಟ್ಟುವ ವೇಳೆಗೆ ಕೆರೆ ಆಗಲೇ ಇದ್ದಿತೆಂದು ನಾವು ಧೈರ್ಯವಾಗಿ ಹೇಳಬಹುದು. ಅದೇ ವರ್ಷ ಕೆರೆಯನ್ನು ಕಟ್ಟಿಸಿದರೆಂದು ಬರೆದರೆ ಮಾತ್ರ ಸಾಕ್ಷ್ಯ ಹೇಳದುದನ್ನು ಅದರ ಬಾಯಿಂದ ಹೇಳಿಸಿದಂತಾಗುತ್ತದೆ. ಕಣ್ಣಿಗೆ ಕಾಣದ ವಸ್ತುವಿನ ವಿಷಯದಲ್ಲಿ ಪ್ರಯೋಗಶಾಲೆಯ ವಿಜ್ಞಾನಿಗೂ ಇದೇ ಬಗೆಯ ಎಚ್ಚರ ಬೇಕಾಗುತ್ತದೆ. ಆ ಎಚ್ಚರವನ್ನು ರುದರ್‌ಫರ್ಡನು ತೋರಿಸಿದನು. ಅವನ ಕಥೆಯನ್ನು ಹೇಳುವವರು ಅದನ್ನು ಮರೆತರು.

ರುದರ್‌ಫರ್ಡನು ಮ್ಯಾಂಚೆಸ್ಟರ್ ವಿಶ್ವವಿದ್ಯಾನಿಲಯಕ್ಕೆ ಬಂದುದು 1907ರಲ್ಲಿ. ಅಲ್ಲಿ ಹಾನ್ಸ್ ಗೈಗರನೂ, ಆಗಿನ್ನೂ ಇಪ್ಪತ್ತು ವರ್ಷದ ವಿದ್ಯಾರ್ಥಿಯಾಗಿದ್ದ ಅರ್ನೆಸ್ಟ್ ಮಾರ್ಸ್‌ಡನನೂ 1909ರಲ್ಲಿ ಒಂದು ಪ್ರಯೋಗ ನಡೆಸಿದರು. ರೇಡಿಯಮ್ಮಿನಿಂದ ಹೊರಡುವ ಅನಿಲವನ್ನು ಗಾಜಿನ ನಳಿಗೆಯಲ್ಲಿ ತುಂಬಿ, ಅದು ಉಗುಳುವ ಆಲ್ಫಾ ಕಣಗಳನ್ನು ಲೋಹದ ಹಲಗೆಗಳ ಮೇಲೆ ಬೀಳುವಂತೆ ಮಾಡಿದರು. ಹಲಗೆಯ ಇದಿರಿಗೆ ಸತುವಿನ ಸಲ್ಫೈಡನ್ನು ಬಳಿದ ಪರದೆ. ನಳಿಗೆಯಿಂದ ನೇರವಾಗಿ ಬರುವ ಕಣಗಳು ಅದಕ್ಕೆ ತಾಗದಂತೆ ನಡುವೆ ಸೀಸದ ಅಡ್ಡಗೋಡೆ. ಕಣವೊಂದು ಬಂದು ಬಡಿದರೆ ಪರದೆಯ ಮೇಲೆ ಕ್ಷಣಮಾತ್ರ ಒಂದು ಮಿಣುಕು ಕಾಣಿಸುತ್ತದೆ. ಕತ್ತಲೆಯ ಕೋಣೆಯಲ್ಲಿ ಕಣ್ಣು ಹೊಂದಿಕೊಳ್ಳುವವರೆಗೆ ಕಾದು, ಸೂಕ್ಷ್ಮದರ್ಶಕದಲ್ಲಿ ನೋಡುತ್ತ, ಈ ಮಿಣುಕುಗಳನ್ನು ಒಂದೊಂದಾಗಿ ಎಣಿಸಬೇಕು. ಈಗ ಯಂತ್ರಗಳು ಮಾಡುವ ಕೆಲಸವನ್ನು ಆಗ ಮನುಷ್ಯನ ಕಣ್ಣು ಮಾಡಿತೆಂಬುದನ್ನು ಇಲ್ಲಿ ನೆನೆಯಬೇಕು.

ಹಲಗೆಗೆ ಬಡಿದ ಕಣಗಳಲ್ಲಿ ಕೆಲವು ಹಿಂದಿರುಗಿ ಬಂದುವು. ಸುಮಾರು 8,000ಕ್ಕೆ ಒಂದು ಎಂದು ಅವರು ಲೆಕ್ಕ ಹಾಕಿದರು. ಈ ಸಂಖ್ಯೆಯನ್ನು ಚಿನ್ನದ ತಗಡಿಗೆ ಅಂಟಿಸಿ ಹೇಳುವವರುಂಟು. 1909ರ ಲೇಖನದಲ್ಲಿ ಅದು ಪ್ಲಾಟಿನಮ್ ಹಲಗೆಗೆ ಸೇರಿದ ಸಂಖ್ಯೆ. ಒಂದು ಸೆಂಟಿಮೀಟರಿನ ಲಕ್ಷದ ನಾಲ್ಕು ಭಾಗದಷ್ಟು ತೆಳುವಾದ ಚಿನ್ನದ ತಗಡಿನಲ್ಲಿ ಸರಾಸರಿ ಲಂಬಕೋನದಷ್ಟು ಹೊರಳಿದ ಕಣಗಳು ಸುಮಾರು 20,000ಕ್ಕೆ ಒಂದು ಎಂದು ರುದರ್‌ಫರ್ಡನು 1911ರಲ್ಲಿ ಉಲ್ಲೇಖಿಸಿದ್ದಾನೆ. ಕಾಗದದ ಹಾಳೆಗೆ ಹೊಡೆದ ಫಿರಂಗಿಯ ಗುಂಡು ತಿರುಗಿ ಬಂದು ಹೊಡೆದವನಿಗೇ ಬಡಿದಂತಾಯಿತೆಂಬ ಪ್ರಸಿದ್ಧವಾದ ಹೋಲಿಕೆಯೂ ಆ ದಿನದ ದಾಖಲೆಯಲ್ಲ. ಬಹುಕಾಲ ಕಳೆದಮೇಲೆ ಕೇಂಬ್ರಿಜ್‌ನಲ್ಲಿ ಮಾಡಿದ ಉಪನ್ಯಾಸವೊಂದರಲ್ಲಿ ಅವನು ನೆನಪಿನಿಂದ ಆಡಿದ ಮಾತು ಅದು. ಪ್ರಯೋಗಕ್ಕೂ ಅದರ ಅರ್ಥ ಹೊಳೆದುದಕ್ಕೂ ನಡುವೆ ಸುಮಾರು ಎರಡು ವರ್ಷ ಕಳೆದುವು. ಆಶ್ಚರ್ಯವು ಒಂದೇ ದಿನದಲ್ಲಿ ಸಿದ್ಧಾಂತವಾಗಲಿಲ್ಲ.

ಆ ಎರಡು ವರ್ಷಗಳಲ್ಲಿ ಬಿಡಿಸಬೇಕಾಗಿದ್ದ ಗಂಟು ಇದು: ಕಣವು ಹಿಂದಕ್ಕೆ ಹೊರಳಿದುದು ಹಲವು ಸಣ್ಣ ತಾಕಲಾಟಗಳು ಕೂಡಿದುದರಿಂದಲೋ, ಅಥವಾ ಒಂದೇ ದೊಡ್ಡ ತಾಕಲಾಟದಿಂದಲೋ? ಆಗ ಪ್ರಚಾರದಲ್ಲಿದ್ದ ಜೆ. ಜೆ. ಥಾಮ್ಸನನ ಚಿತ್ರದಲ್ಲಿ ಧನವಿದ್ಯುತ್ತು ಪರಮಾಣುವಿನ ತುಂಬ ಹರಡಿಕೊಂಡಿದ್ದು, ಎಲೆಕ್ಟ್ರಾನುಗಳು ಅದರೊಳಗೆ ಅಲ್ಲಲ್ಲಿ ನೆಲಸಿದ್ದುವು. ಹಾಗೆ ಹರಡಿದ ವಿದ್ಯುತ್ತು ಕಣವನ್ನು ತುಸುತುಸುವೇ ಸರಿಸಬಲ್ಲದು. ಆ ತೆಳು ತಗಡಿನಲ್ಲಿ ಸರಾಸರಿ ಹೊರಳುವಿಕೆ ಒಂದು ಡಿಗ್ರಿಗೂ ಕಡಮೆ. ಅಂಥ ತುಣುಕುಗಳೆಲ್ಲ ಒಂದೇ ದಿಕ್ಕಿಗೆ ಸೇರಿ ತೊಂಬತ್ತು ಡಿಗ್ರಿಯಾಗುವ ಸಂಭವ ಇಲ್ಲವೆನ್ನುವಷ್ಟು ಅಲ್ಪ. ಆದುದರಿಂದ ಪರಮಾಣುವಿನ ವಿದ್ಯುತ್ತು ಅತಿ ಸಣ್ಣ ಸ್ಥಳದಲ್ಲಿ ಒಟ್ಟುಗೂಡಿರಬೇಕೆಂದೂ, ಅದನ್ನು ಸಮೀಪಿಸಿದ ಅಪರೂಪದ ಕಣ ಮಾತ್ರ ಒಂದೇ ಏಟಿಗೆ ಹೊರಳುತ್ತದೆಂದೂ ರುದರ್‌ಫರ್ಡನು ವಾದಿಸಿದನು. ಗಮನಿಸತಕ್ಕ ಅಂಶವೇನೆಂದರೆ, 1911ರ ಆ ಲೇಖನದಲ್ಲಿ ಈ ಕೇಂದ್ರದ ವಿದ್ಯುತ್ತು ಧನವೋ ಋಣವೋ ಎಂಬುದನ್ನು ಅವನು ತೀರ್ಮಾನಿಸಲಿಲ್ಲ. ಅವನ ಸಮೀಕರಣ ಎರಡಕ್ಕೂ ಸಮನಾಗಿ ಹೊಂದುತ್ತಿದ್ದಿತು. ಸಾಕ್ಷ್ಯ ಹೇಳದುದನ್ನು ಅವನೂ ಹೇಳಲಿಲ್ಲ.

ಈ ವಾದವನ್ನು ಒರೆಗೆ ಹಚ್ಚುವ ಕೆಲಸವನ್ನು 1913ರಲ್ಲಿ ಗೈಗರ್ ಮತ್ತು ಮಾರ್ಸ್‌ಡನ್ ಇಬ್ಬರೇ ಪೂರೈಸಿದರು. ಕೇಂದ್ರದ ವಿದ್ಯುತ್ತು ಒಂದು ಬಿಂದುವಿನಂತೆ ವರ್ತಿಸುವುದಾದರೆ, ಹೊರಳುವ ಕೋನ ಹೆಚ್ಚಿದಂತೆಲ್ಲ ಕಣಗಳ ಸಂಖ್ಯೆ ಒಂದು ನಿಶ್ಚಿತ ನಿಯಮದಂತೆ ಇಳಿಯಬೇಕು. ಅರುವತ್ತು ಡಿಗ್ರಿಯಲ್ಲಿ ಒಂಬತ್ತು ಕಣ ಕಂಡರೆ ನೂರಿಪ್ಪತ್ತು ಡಿಗ್ರಿಯಲ್ಲಿ ಒಂದು ಕಾಣಬೇಕು. 5 ಡಿಗ್ರಿಯಿಂದ 150 ಡಿಗ್ರಿಯವರೆಗೆ ಹೋದರೆ ಸಂಖ್ಯೆ ಸುಮಾರು 2,40,000 ಪಾಲು ಕಡಮೆಯಾಗಬೇಕು. ಇಷ್ಟು ವಿಸ್ತಾರವಾದ ಇಳಿತದುದ್ದಕ್ಕೂ ಎಣಿಕೆ ಲೆಕ್ಕಕ್ಕೆ ಹೊಂದಿತು. ನನ್ನ ಅಭಿಪ್ರಾಯದಲ್ಲಿ ಬೀಜದ ಇರವು ಸಿದ್ಧವಾದುದು ಈ 1913ರ ಎಣಿಕೆಯಿಂದ. 1909ರದು ಕುತೂಹಲ, 1911ರದು ತರ್ಕ, 1913ರದು ಪ್ರಮಾಣ.

ಇನ್ನು ಗಾತ್ರದ ಮಾತು. ಧನವಿದ್ಯುತ್ತುಳ್ಳ ಆಲ್ಫಾ ಕಣ ಬೀಜದ ಕಡೆಗೆ ನೇರವಾಗಿ ನುಗ್ಗಿದರೂ ವಿಕರ್ಷಣೆಯಿಂದ ನಿಧಾನವಾಗುತ್ತ ಬಂದು, ಒಂದೆಡೆ ನಿಂತು, ಹಿಂದಿರುಗುತ್ತದೆ. ಚಿನ್ನಕ್ಕೆ ಈ ದೂರವನ್ನು ರುದರ್‌ಫರ್ಡನು ಸುಮಾರು 34 ಫರ್ಮಿ ಎಂದು ಗುಣಿಸಿದನು. ಫರ್ಮಿ ಎಂಬ ಹೆಸರು ಈಚಿನದು. ಒಂದು ಸೆಂಟಿಮೀಟರನ್ನು ಹತ್ತು ಲಕ್ಷ ಕೋಟಿ ಭಾಗ ಮಾಡಿದರೆ ಅದರಲ್ಲೊಂದು ಭಾಗ ಒಂದು ಫರ್ಮಿ. ಚಿನ್ನದ ಬೀಜದಲ್ಲಿ ಸುಮಾರು ನೂರು ಮಾನದ ವಿದ್ಯುತ್ತಿದೆಯೆಂದು ಅವನು ಭಾವಿಸಿದ್ದನು. ನಿಜವಾದ ಸಂಖ್ಯೆ 79. ಆದರೆ ಇದಕ್ಕಿಂತ ಮುಖ್ಯವಾದುದು ಬೇರೆಯಿದೆ. ಕಣ ಅಷ್ಟು ಸಮೀಪಕ್ಕೆ ಹೋಗಿ ಬಂದರೂ ನಿಯಮ ಕೆಡಲಿಲ್ಲ. ಅಂದರೆ ಅದು ಬೀಜದ ಹೊರಗೇ ನಿಂತು ಹಿಂದಿರುಗಿತು, ಅಂಗಳದಿಂದಲೇ ಮರಳಿದ ಅತಿಥಿಯಂತೆ. ಮನೆ ಅಂಗಳಕ್ಕಿಂತ ಒಳಗಿದೆ ಎಂಬುದಷ್ಟೇ ತಿಳಿಯಿತು. ಈಗ ನಮಗೆ ತಿಳಿದಿರುವಂತೆ ಚಿನ್ನದ ಬೀಜದ ತ್ರಿಜ್ಯ ಸುಮಾರು 7 ಫರ್ಮಿ. ಅದನ್ನು ಒಂದೂವರೆ ಮಿಲಿಮೀಟರಿನ ರಾಗಿಯ ಕಾಳಿಗೆ ಹೋಲಿಸಿದರೆ, ಚಿನ್ನದ ಪರಮಾಣು ಮೂವತ್ತು ಮೀಟರು ಅಡ್ಡಳತೆಯ ಗೋಳವಾಗುತ್ತದೆ.

ನಿಯಮ ಎಲ್ಲಿ ಕೆಡುತ್ತದೆಯೋ ಅಲ್ಲಿ ಬೀಜದ ಅಂಚು ಮೊದಲಾಗುತ್ತದೆ. ಚಿನ್ನದಂಥ ಭಾರವಾದ ಬೀಜದ ವಿಕರ್ಷಣೆ ಬಹಳ ಬಲವಾದುದು. ಹಗುರವಾದ ಬೀಜಗಳನ್ನು ಕಣ ಹೆಚ್ಚು ಸಮೀಪಿಸಬಲ್ಲದು. 1919ರಲ್ಲಿ ಜಲಜನಕದೊಡನೆ ನಡೆಸಿದ ಪ್ರಯೋಗಗಳಲ್ಲಿ ರುದರ್‌ಫರ್ಡನು ಇಂಥ ಕೆಡುವಿಕೆಯನ್ನು ಕಂಡನು. ಕೆಲವೇ ಫರ್ಮಿಗಳಷ್ಟು ಹತ್ತಿರದಲ್ಲಿ ವಿದ್ಯುತ್ತಿನದಲ್ಲದ ಮತ್ತೊಂದು ಬಲ ಕೆಲಸ ಮಾಡುತ್ತಿರುವುದರ ಸುಳಿವು ಅದು. ಹೊಂದದ ಲೆಕ್ಕವೇ ಇಲ್ಲಿ ಲಾಭಕರವಾದ ಲೆಕ್ಕವಾಯಿತು. ಆದರೆ ಇಂಥ ಪ್ರಯೋಗದಲ್ಲಿ ಒಂದು ಸಂಕಟವಿದೆ. ಆಲ್ಫಾ ಕಣಕ್ಕೂ ಸ್ವಂತ ಗಾತ್ರವಿದೆ. ಆ ಹೊಸ ಬಲಕ್ಕೆ ಅದೂ ಒಳಗಾಗುತ್ತದೆ. ಅಳೆಯುವ ಕೋಲು ಅಳೆಯಲ್ಪಡುವ ಗೋಡೆಗೆ ಅಂಟಿಕೊಂಡರೆ ಗೋಡೆ ಎಲ್ಲಿ ಮುಗಿಯಿತು, ಕೋಲು ಎಲ್ಲಿ ತೊಡಗಿತು ಎಂದು ಹೇಳುವುದು ಕಷ್ಟ.

ಆ ಬಲಕ್ಕೆ ಸಿಕ್ಕದ ಕೋಲು ಎಲೆಕ್ಟ್ರಾನು. ಅದು ಬೀಜದೊಳಗೆ ಹೊಕ್ಕರೂ ವಿದ್ಯುತ್ತನ್ನಲ್ಲದೆ ಬಲವಾದ ಬೈಜಿಕ ಬಂಧನವನ್ನು ಅರಿಯದು. ಆದರೆ ಎಲೆಕ್ಟ್ರಾನು ತರಂಗದಂತೆಯೂ ವರ್ತಿಸುತ್ತದೆ. ಕೆರೆಯ ದೊಡ್ಡ ಅಲೆ ನೀರಿನಲ್ಲಿ ನಿಂತ ಜೊಂಡಿನ ಕಡ್ಡಿಯನ್ನು ಲೆಕ್ಕಿಸದೆ ದಾಟುತ್ತದೆ; ಕಡ್ಡಿಯ ದಪ್ಪದಷ್ಟೇ ಇರುವ ಕಿರುದೆರೆಯಾದರೆ ಅದಕ್ಕೆ ತಾಗಿ ಚೆದರುತ್ತದೆ. ಎಲೆಕ್ಟ್ರಾನಿನ ತರಂಗವನ್ನು ಬೀಜದ ಗಾತ್ರಕ್ಕೆ ಇಳಿಸಬೇಕಾದರೆ ಅದಕ್ಕೆ ಅಗಾಧವಾದ ಶಕ್ತಿ ಕೊಡಬೇಕು. ಇದಕ್ಕೆ ಬೇಕಾದ ನೀಳ ವೇಗವರ್ಧಕ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದಲ್ಲಿ ಸಿದ್ಧವಾದ ಮೇಲೆ, 1950ರ ದಶಕದಲ್ಲಿ ರಾಬರ್ಟ್ ಹಾಫ್‌ಸ್ಟಾಟರನೂ ಅವನ ಸಂಗಡಿಗರೂ ಚಿನ್ನ, ಸೀಸ, ಇಂಗಾಲ ಮೊದಲಾದ ಬೀಜಗಳನ್ನು ಪರೀಕ್ಷಿಸಿದರು. 18.8 ಕೋಟಿ ಎಲೆಕ್ಟ್ರಾನ್ ವೋಲ್ಟಿನ ಶಕ್ತಿಯಲ್ಲಿ ಎಲೆಕ್ಟ್ರಾನಿನ ತರಂಗ ಆರು ಏಳು ಫರ್ಮಿ ಉದ್ದವಿರುತ್ತದೆ.

ಅಲ್ಲಿ ಸಿಕ್ಕಿದ ಚಿತ್ರ ಅಂಚು ಕೊರೆದ ಗೋಲಿಯದಲ್ಲ. ಭಾರವಾದ ಬೀಜಗಳ ಒಡಲಿನಲ್ಲಿ ವಿದ್ಯುತ್ತಿನ ಸಾಂದ್ರತೆ ಹೆಚ್ಚುಕಡಮೆ ಸಮನಾಗಿದ್ದು, ಹೊರಮೈಯಲ್ಲಿ ಸುಮಾರು 2.4 ಫರ್ಮಿ ದಪ್ಪದ ಪಟ್ಟೆಯೊಳಗೆ ಕ್ರಮವಾಗಿ ಕ್ಷೀಣಿಸುತ್ತದೆ. ಸಣ್ಣ ಬೀಜವಾಗಲಿ ದೊಡ್ಡದಾಗಲಿ, ಗಾತ್ರ ಕಣಗಳ ಸಂಖ್ಯೆಗನುಗುಣವಾಗಿ ಬೆಳೆಯುತ್ತದೆಯೇ ಹೊರತು ಒಳಗಿನ ಒತ್ತಡಿಕೆ ಹೆಚ್ಚುವುದಿಲ್ಲ. ಬೀಜದ್ರವ್ಯ ಒಂದು ಘನ ಸೆಂಟಿಮೀಟರ್ ದೊರೆತರೆ ಅದು ಸುಮಾರು 23 ಕೋಟಿ ಟನ್ ತೂಗುತ್ತದೆ. ಜಲಜನಕದ ಬೀಜವಾದ ಪ್ರೋಟಾನಿಗೂ ಗಾತ್ರವುಂಟೆಂಬುದು ಇದೇ ಪ್ರಯೋಗಗಳಿಂದ ಗೊತ್ತಾಯಿತು. 1956ರಲ್ಲಿ ಮೆಕಾಲಿಸ್ಟರ್ ಮತ್ತು ಹಾಫ್‌ಸ್ಟಾಟರ್ ಕೊಟ್ಟ ತ್ರಿಜ್ಯ 0.74 ಫರ್ಮಿ, ಅದರ ಜೊತೆಗೆ ಅವರು ಒಪ್ಪಿಕೊಂಡ ಅನಿಶ್ಚಿತತೆ 0.24. ಮೂರರಲ್ಲೊಂದು ಪಾಲಿನಷ್ಟು ಅನುಮಾನವನ್ನು ಮುಚ್ಚಿಡದೆ ಮುದ್ರಿಸಿದುದು ಮೆಚ್ಚತಕ್ಕ ಸಂಗತಿ. 1961ರಲ್ಲಿ ಹಾಫ್‌ಸ್ಟಾಟರನು ನೊಬೆಲ್ ಬಹುಮಾನವನ್ನು ಮಾಸ್‌ಬವರನೊಡನೆ ಹಂಚಿಕೊಂಡನು.

ಮುಂದಿನ ಅರ್ಧ ಶತಮಾನದಲ್ಲಿ ಪ್ರೋಟಾನಿನ ಅಳತೆ ನಯವಾಗುತ್ತ ಹೋಯಿತು. ಎಲೆಕ್ಟ್ರಾನಿನ ಚೆದರಿಕೆ, ಜಲಜನಕದ ಬೆಳಕಿನ ರೇಖೆಗಳು, ಈ ಎರಡು ದಾರಿಗಳಿಂದಲೂ ಬಂದ ಬೆಲೆಗಳನ್ನು ಕೂಡಿಸಿ 2006ರ ಕೋಡಾಟ ಕೋಷ್ಟಕ 0.8768 ಫರ್ಮಿ ಎಂದು ನಮೂದಿಸಿತು. ಎಲ್ಲವೂ ಸುಗಮವಾಗಿರುವಾಗ ಸ್ವಿಟ್ಜರ್ಲೆಂಡಿನ ಪಾಲ್ ಶೆರರ್ ಸಂಸ್ಥೆಯಲ್ಲಿ ಹೊಸದೊಂದು ಉಪಾಯ ಹೂಡಲಾಯಿತು. ಜಲಜನಕದಲ್ಲಿ ಎಲೆಕ್ಟ್ರಾನಿನ ಬದಲು ಅದರ ಇನ್ನೂರು ಪಾಲಿಗೂ ಮಿಕ್ಕಿ ಭಾರವುಳ್ಳ ಮ್ಯುಯಾನನ್ನು ಕೂರಿಸಿದರೆ, ಅದು ಪ್ರೋಟಾನಿನ ಅತಿ ಸಮೀಪದಲ್ಲಿ ಸುತ್ತುತ್ತದೆ. ಪ್ರೋಟಾನಿನ ಗಾತ್ರದ ಪ್ರಭಾವ ಅದರ ಮೇಲೆ ಹಲವು ದಶಲಕ್ಷ ಪಾಲು ಹೆಚ್ಚು. ಮ್ಯುಯಾನಿನ ಆಯುಸ್ಸು ಒಂದು ಸೆಕೆಂಡಿನ ಹತ್ತು ಲಕ್ಷದ ಎರಡು ಭಾಗದಷ್ಟು ಮಾತ್ರ. ಅಷ್ಟರೊಳಗೆ ಲೇಸರಿನಿಂದ ಅದನ್ನು ತಟ್ಟಿ ನೋಡಬೇಕು. ನಿರೀಕ್ಷಿಸಿದ ಎಡೆಯಲ್ಲಿ ಹುಡುಕಿದಾಗ ಮೊದಮೊದಲು ಏನೂ ಸಿಕ್ಕಲಿಲ್ಲ. ಹುಡುಕುವ ಎಲ್ಲೆಯನ್ನು ವಿಸ್ತರಿಸಿದ ಮೇಲೆ ಸಿಕ್ಕಿತು. 2010ರಲ್ಲಿ ಪ್ರಕಟವಾದ ಬೆಲೆ 0.8418 ಫರ್ಮಿ.

ನೂರಕ್ಕೆ ನಾಲ್ಕರ ಈ ಅಂತರ ಅಲ್ಪವೆಂದು ತೋರಬಹುದು. ಆದರೆ ಎರಡೂ ಪಕ್ಷದವರು ಹೇಳಿಕೊಂಡ ಅನಿಶ್ಚಿತತೆ ಅದಕ್ಕಿಂತ ಎಷ್ಟೋ ಕಡಮೆ. ಹೊಸ ಬಲವೊಂದು ಅಡಗಿದೆಯೇ ಎಂಬ ಊಹೆಗಳೂ ಹುಟ್ಟಿಕೊಂಡುವು. 2019ರಲ್ಲಿ ಸಾಮಾನ್ಯ ಜಲಜನಕದ ಮೇಲೆ ನಡೆದ ಹೊಸ ಅಳತೆಯೊಂದೂ, ಅಮೆರಿಕದ ಜೆಫರ್ಸನ್ ಪ್ರಯೋಗಶಾಲೆಯ ಎಲೆಕ್ಟ್ರಾನ್ ಚೆದರಿಕೆಯೊಂದೂ ಸುಮಾರು 0.83ನ್ನು ಕೊಟ್ಟು ಕಡಮೆಯ ಪಕ್ಷವನ್ನು ಬೆಂಬಲಿಸಿದುವು. ಆದರೆ 2018ರಲ್ಲಿ ಪ್ಯಾರಿಸಿನ ಒಂದು ತಂಡ ಹಳೆಯ ಬೆಲೆಗೇ ಹತ್ತಿರವಾದ 0.877ನ್ನು ಪಡೆದಿದ್ದಿತು. 2018ರ ಕೋಡಾಟ ಪರಿಷ್ಕರಣ ತ್ರಿಜ್ಯವನ್ನು 0.8414ಕ್ಕೆ ಇಳಿಸಿತು. ಹಳೆಯ ಪ್ರಯೋಗಗಳು ಏಕೆ ಹೆಚ್ಚು ತೋರಿಸಿದುವೆಂಬುದಕ್ಕೆ ಎಲ್ಲರೂ ಒಪ್ಪಿದ ವಿವರಣೆ ಆ ಕೋಷ್ಟಕದೊಡನೆ ಬರಲಿಲ್ಲ. ಬಹುಮತದಿಂದ ತೀರ್ಪಾದ ವ್ಯಾಜ್ಯದಲ್ಲಿ ಸೋತವನ ಸಾಕ್ಷಿ ಎಲ್ಲಿ ತಪ್ಪಿದನೆಂದು ತಿಳಿಯದೆ ಉಳಿದರೆ ಇತಿಹಾಸಕಾರನಿಗೆ ಸಮಾಧಾನವಾಗದು.

ಇಷ್ಟೆಲ್ಲ ಅಳೆದುದು ಬೀಜದ ವಿದ್ಯುತ್ತನ್ನು. ಎಂದರೆ ಮುಖ್ಯವಾಗಿ ಪ್ರೋಟಾನುಗಳನ್ನು. 1932ರಲ್ಲಿ ಚಾಡ್ವಿಕ್ ಕಂಡುಹಿಡಿದ ನ್ಯೂಟ್ರಾನಿಗೆ ವಿದ್ಯುತ್ತಿಲ್ಲವಾದುದರಿಂದ ಎಲೆಕ್ಟ್ರಾನಿನ ಕಣ್ಣಿಗೆ ಅದು ಬಹುಮಟ್ಟಿಗೆ ಮರೆ. ಸೀಸದ ಒಂದು ಬಗೆಯ ಬೀಜದಲ್ಲಿ 82 ಪ್ರೋಟಾನುಗಳಿಗೆ 126 ನ್ಯೂಟ್ರಾನುಗಳಿವೆ. ಹೆಚ್ಚಾದ ಇವು ಹೊರಮೈಯಲ್ಲಿ ಒಂದು ತೊಗಟೆಯಂತೆ ಹರಡಿವೆಯೆಂದು ಬಹುದಿನಗಳಿಂದ ಶಂಕೆಯಿದ್ದಿತು. ಎಡಗಡೆಗೂ ಬಲಗಡೆಗೂ ಬುಗುರಿಯಂತೆ ಸುತ್ತುವ ಎಲೆಕ್ಟ್ರಾನುಗಳು ಬೀಜಕ್ಕೆ ತಾಗಿ ಚೆದರುವುದರಲ್ಲಿ ಹತ್ತು ಲಕ್ಷಕ್ಕೆ ಒಂದಕ್ಕೂ ಕಡಮೆಯಾದ ವ್ಯತ್ಯಾಸವುಂಟು. ದುರ್ಬಲ ಬಲದಿಂದ ಉಂಟಾಗುವ ಈ ವ್ಯತ್ಯಾಸ ಮುಖ್ಯವಾಗಿ ನ್ಯೂಟ್ರಾನುಗಳಿಂದ ಬರುತ್ತದೆ. ಅದನ್ನು ಹಿಡಿದು ಜೆಫರ್ಸನ್ ಪ್ರಯೋಗಶಾಲೆಯವರು 2021ರಲ್ಲಿ ಸೀಸದ ತೊಗಟೆ 0.28 ಫರ್ಮಿ ದಪ್ಪವೆಂದು ಪ್ರಕಟಿಸಿದರು. ಇದೇ ವಿಧಾನದಿಂದ 2022ರಲ್ಲಿ ಕ್ಯಾಲ್ಸಿಯಮಿಗೆ ಬಂದ ಬೆಲೆ 0.12. ಮೊದಲನೆಯದು ಬಹುತೇಕ ಸಿದ್ಧಾಂತಗಳು ಹೇಳಿದುದಕ್ಕಿಂತ ದಪ್ಪ, ಎರಡನೆಯದು ತೆಳುವು. ಎರಡನ್ನೂ ಒಂದೇ ಲೆಕ್ಕದಲ್ಲಿ ಹೊಂದಿಸುವುದು ಸಿದ್ಧಾಂತಿಗಳಿಗೆ ಪ್ರಯಾಸವಾಯಿತು.