ಗೆದ್ದ ಕುದುರೆಗೆ ಭಾರವೇಕೆ?

ಮಹಾಲಕ್ಷ್ಮಿಯಲ್ಲಿ ಕುದುರೆಗಳು ಓಡುವ ದಿನಗಳಲ್ಲಿ ನಮ್ಮ ವಾಚನಾಲಯದ ಮೇಜಿನ ಮೇಲೆ ರೇಸಿನ ಪುಟವೇ ಎಲ್ಲಕ್ಕಿಂತ ಮೊದಲು ಮುದುಡುತ್ತದೆ. ಆ ಪುಟದಲ್ಲಿ ಪ್ರತಿ ಕುದುರೆಯ ಹೆಸರಿನ ಮುಂದೆ ೬೦, ೫೬.೫, ೫೧ ಎಂಬಂಥ ಅಂಕಿಗಳಿರುತ್ತವೆ. ಅದು ಕುದುರೆಯ ತೂಕವಲ್ಲ. ಕುದುರೆ ಹೊರಬೇಕಾದ ತೂಕ, ಕಿಲೋಗಳಲ್ಲಿ. ಚೆನ್ನಾಗಿ ಓಡುವುದಕ್ಕೆ ಹೆಚ್ಚು, ಸಾಧಾರಣದ್ದಕ್ಕೆ ಕಡಮೆ. ಗೆದ್ದದ್ದಕ್ಕೆ ದಂಡವೇ, ಇದೆಂಥ ನ್ಯಾಯ ಎಂದು ಕೇಳುವವರುಂಟು.

ಪ್ರಶ್ನೆ ಸಹಜವಾದದ್ದೇ. ನಮ್ಮ ಕರಾವಳಿಯ ಕಂಬಳದಲ್ಲಿ ಕೋಣಗಳನ್ನು ಹಿರಿಯ ಕಿರಿಯ ಎಂದೂ, ಹಗ್ಗ, ನೇಗಿಲು, ಅಡ್ಡಹಲಗೆ ಎಂದೂ ವಿಂಗಡಿಸಿದ ಮೇಲೆ ಬಲವುಳ್ಳ ಜೋಡಿ ಗೆಲ್ಲಲಿ ಎಂದು ಬಿಟ್ಟುಬಿಡುತ್ತಾರೆ. ಗೆದ್ದ ಕೋಣದ ಬೆನ್ನಿಗೆ ಯಾರೂ ಕಲ್ಲು ಕಟ್ಟುವುದಿಲ್ಲ. ಕುದುರೆಗಳಲ್ಲಿಯೂ ಅಂಥ ಪಂದ್ಯಗಳಿವೆ. ೧೯೪೩ರಲ್ಲಿ ಆರಂಭವಾದ ಇಂಡಿಯನ್ ಡರ್ಬಿಯಲ್ಲಿ ಗಂಡು ಕುದುರೆಗಳಿಗೆಲ್ಲ ಒಂದೇ ಭಾರ, ಹೆಣ್ಣು ಕುದುರೆಗಳಿಗೆ ತುಸು ರಿಯಾಯಿತಿ. ಶ್ರೇಷ್ಠವಾದದ್ದು ಯಾವುದೆಂದು ತಿಳಿಯುವುದೇ ಅಲ್ಲಿಯ ಉದ್ದೇಶ. ಆದರೆ ದಿನವೂ ಹೀಗೆಯೇ ಓಡಿಸಿದರೆ ಹತ್ತು ಕುದುರೆಗಳೇ ಗೆಲ್ಲುತ್ತ ಹೋಗಿ, ಉಳಿದವುಗಳ ಮಾಲೀಕರು ಲಾಯ ಮುಚ್ಚಬೇಕಾದೀತು. ಆದುದರಿಂದಲೇ ಹೆಚ್ಚಿನ ಪಂದ್ಯಗಳು ‘ಹ್ಯಾಂಡಿಕ್ಯಾಪ್’ ಪಂದ್ಯಗಳು.

ಆ ಮಾತಿನ ಹುಟ್ಟು ಸ್ವಾರಸ್ಯವಾಗಿದೆ. ಅದು ಮೊದಲು ಕುದುರೆಯ ಮಾತೇ ಅಲ್ಲ, ಇಂಗ್ಲೆಂಡಿನ ಒಂದು ವಿನಿಮಯದ ಆಟ. ಇಬ್ಬರು ತಮ್ಮ ಸಾಮಾನುಗಳನ್ನು ಅದಲುಬದಲು ಮಾಡಿಕೊಳ್ಳಬೇಕು; ಯಾವುದರ ಬೆಲೆ ಎಷ್ಟು ಹೆಚ್ಚೆಂಬುದನ್ನು ಮೂರನೆಯವನು ಹೇಳಬೇಕು. ಎಲ್ಲರೂ ಟೊಪ್ಪಿಗೆಯಲ್ಲಿ ಸ್ವಲ್ಪ ಹಣ ಹಾಕುವರು. ಆಮೇಲೆ ಇಬ್ಬರೂ ಟೊಪ್ಪಿಗೆಯೊಳಗೆ ಕೈಯಿಟ್ಟು ಒಟ್ಟಿಗೆ ಹೊರತೆಗೆಯುವರು. ಒಪ್ಪಿಗೆಯೋ ಅಲ್ಲವೋ ಕೈಯೇ ಹೇಳುವುದು. ಇಬ್ಬರೂ ಒಪ್ಪಿದರೆ, ಇಲ್ಲವೆ ಇಬ್ಬರೂ ಒಲ್ಲೆನೆಂದರೆ, ಹಣ ಮಧ್ಯಸ್ಥನಿಗೆ. ಒಬ್ಬನು ಒಪ್ಪಿ ಇನ್ನೊಬ್ಬನು ಒಲ್ಲದಿದ್ದರೆ ಒಪ್ಪಿದವನಿಗೆ. ಎಂದರೆ ತಕ್ಕಡಿ ಯಾವ ಕಡೆಗೂ ವಾಲದಂತೆ ಬೆಲೆ ಕಟ್ಟುವುದರಲ್ಲಿಯೇ ಮಧ್ಯಸ್ಥನ ಲಾಭ! ಲಂಡನ್ನಿನ ನೌಕಾಖಾತೆಯಲ್ಲಿದ್ದ ಸ್ಯಾಮ್ಯುಯೆಲ್ ಪೀಪ್ಸ್ ಈ ಆಟವನ್ನು ೧೬೬೦ರ ತನ್ನ ದಿನಚರಿಯಲ್ಲಿ ಬರೆದಿಟ್ಟಿದ್ದಾನೆ. ಮುಂದೆ ಕುದುರೆ ಪಂದ್ಯಕ್ಕೆ ಬಂದ ಮಾತು ಇದೇ.

ಈಗಿನ ಮಧ್ಯಸ್ಥ ಹ್ಯಾಂಡಿಕ್ಯಾಪರ್. ಪ್ರತಿ ಓಟವಾದ ಮೇಲೂ ಆತನು ಕುದುರೆಗೆ ಅಂಕ ಕಟ್ಟುತ್ತಾನೆ. ಒಂದು ಅಂಕಕ್ಕೆ ಅರ್ಧ ಕಿಲೋ. ಒಂದೇ ದರ್ಜೆಯ ಎರಡು ಕುದುರೆಗಳಲ್ಲಿ ಒಂದಕ್ಕೆ ೬೪, ಇನ್ನೊಂದಕ್ಕೆ ೪೪ ಅಂಕವಿದ್ದರೆ ವ್ಯತ್ಯಾಸ ೨೦. ಮೊದಲನೆಯದು ೬೦ ಕಿಲೋ ಹೊತ್ತರೆ ಎರಡನೆಯದು ೫೦ ಹೊತ್ತರೆ ಸಾಕು. ಜಾಕಿ ಮತ್ತು ಜೀನು ಸೇರಿ ಅಷ್ಟು ತೂಗದಿದ್ದರೆ ಸೀಸದ ತುಂಡುಗಳನ್ನಿಟ್ಟು ತುಂಬಿಸುತ್ತಾರೆ. ಓಟಕ್ಕೆ ಮೊದಲೂ ಆಮೇಲೆಯೂ ಜಾಕಿ ತಕ್ಕಡಿಯೇರಬೇಕು. ಸುಮಾರು ೪೫೦ ಕಿಲೋದ ಪ್ರಾಣಿಗೆ ಹತ್ತು ಕಿಲೋ ಯಾವ ಲೆಕ್ಕ ಎನ್ನಬೇಡಿ. ಮೈಲಿಯ ಓಟದಲ್ಲಿ ಒಂದು ಕಿಲೋ ಎಂದರೆ ಸುಮಾರು ಒಂದು ಕುದುರೆಯುದ್ದದ ಅಂತರವೆಂಬುದು ಬಲ್ಲವರ ಒರಟು ಲೆಕ್ಕ. ಓಟ ಉದ್ದವಾದಷ್ಟೂ ಭಾರ ಹೆಚ್ಚು ಕಾಡುತ್ತದೆ.

ಈ ನ್ಯಾಯಕ್ಕೆ ಎರಡು ತೂತುಗಳಿವೆ. ಒಂದು ಸಣ್ಣದು. ಭಾರವನ್ನು ಒಂದು ಮಿತಿಗಿಂತ ಕೆಳಗೆ ಇಳಿಸುವಂತಿಲ್ಲ, ಅಷ್ಟು ಹಗುರಾದ ಜಾಕಿಗಳು ಸಿಗುವುದಿಲ್ಲ. ಹೀಗಾಗಿ ತೀರ ದುರ್ಬಲವಾದ ಕುದುರೆಗೆ ಸಲ್ಲಬೇಕಾದ ರಿಯಾಯಿತಿ ಪೂರ್ತಿ ಸಲ್ಲುವುದಿಲ್ಲ. ಇನ್ನೊಂದು ದೊಡ್ಡದು. ಕೆಲಸವನ್ನು ಬೇಗ ಮುಗಿಸಿದ ಗುಮಾಸ್ತನ ಮೇಜಿಗೆ ಪಕ್ಕದವನ ಕಡತಗಳೂ ಬಂದು ಬೀಳುವ ಸಂಗತಿ ನಮಗೆ ಹೊಸದಲ್ಲ. ಅದನ್ನರಿತವನು ನಿಧಾನ ಮಾಡಲು ಕಲಿಯುತ್ತಾನೆ. ಕುದುರೆಗೆ ಈ ಬುದ್ಧಿಯಿಲ್ಲ, ಅದನ್ನು ಓಡಿಸುವವರಿಗುಂಟು. ಎರಡು ಮೂರು ಪಂದ್ಯಗಳಲ್ಲಿ ಲಗಾಮು ಹಿಡಿದೆಳೆದರೆ ಅಂಕ ಇಳಿಯುತ್ತದೆ, ಭಾರ ಇಳಿಯುತ್ತದೆ, ಆಮೇಲೆ ಒಂದು ದಿನ ಸಡಿಲ ಬಿಟ್ಟರಾಯಿತು. ಇದನ್ನು ತಡೆಯುವುದಕ್ಕಾಗಿಯೇ ಪ್ರತಿ ಕುದುರೆಯನ್ನೂ ಗೆಲ್ಲುವ ಪೂರ್ಣ ಪ್ರಯತ್ನದಿಂದ ಓಡಿಸಬೇಕೆಂಬ ನಿಯಮವಿದೆ. ಸ್ಟೀವರ್ಡರು ವಿಚಾರಣೆ ನಡೆಸಿ, ತಪ್ಪಿದ ಜಾಕಿಯನ್ನು ಪಂದ್ಯಗಳಿಂದ ದೂರವಿಡುತ್ತಾರೆ. ಹ್ಯಾಂಡಿಕ್ಯಾಪರನ ಲೆಕ್ಕವೆಲ್ಲ ನಿಂತಿರುವುದು ಹಿಂದಿನ ಓಟಗಳು ಪ್ರಾಮಾಣಿಕವಾಗಿದ್ದವೆಂಬ ನಂಬಿಕೆಯ ಮೇಲೆ.

ಸಯನ್‌ನಿಂದ ಹೊರಟು ದಾದರಿನಲ್ಲಿ ಗಾಡಿ ಬದಲಿಸಿ ಮಹಾಲಕ್ಷ್ಮಿಗೆ ಹೋಗುವ ನಮ್ಮವರು ಇನ್ನೊಂದು ಸಂಗತಿಯನ್ನು ಗಮನಿಸಬೇಕು. ಕುದುರೆ ಪಂದ್ಯವು ಮುಖ್ಯವಾಗಿ ಕೌಶಲದ ಆಟವೆಂದು ಸರ್ವೋಚ್ಚ ನ್ಯಾಯಾಲಯವು ೧೯೯೬ರಲ್ಲಿ ಹೇಳಿತು, ನಿಜ. ಆದರೆ ಹ್ಯಾಂಡಿಕ್ಯಾಪರ್ ತನ್ನ ಕೆಲಸವನ್ನು ಚೆನ್ನಾಗಿ ಮಾಡಿದಷ್ಟೂ ಕುದುರೆಗಳು ಒಂದಕ್ಕೊಂದು ಸಮವಾಗುತ್ತವೆ, ಗೆಲ್ಲುವುದು ಯಾವುದೆಂದು ಊಹಿಸುವುದು ಅಷ್ಟೇ ಕಷ್ಟವಾಗುತ್ತದೆ. ಮೇಲಾಗಿ ಟೋಟ್‌ನಲ್ಲಿ ಕೂಡಿದ ಹಣವನ್ನು ಗೆದ್ದವರಿಗೆ ಹಂಚುವ ಮುನ್ನವೇ ಕ್ಲಬ್ಬಿನ ಪಾಲು ಮುರಿದುಕೊಳ್ಳಲಾಗುತ್ತದೆ. ಪಣದ ಪೂರ್ತಿ ಮೊತ್ತದ ಮೇಲೆ ನೂರಕ್ಕೆ ೨೮ರಂತೆ ತೆರಿಗೆಯಿತ್ತು. ೨೦೨೫ರ ಸಪ್ಟೆಂಬರಿನಲ್ಲಿ ಅದನ್ನು ೪೦ಕ್ಕೆ ಏರಿಸಿದರು. ಕುದುರೆ ಗೆದ್ದರೂ ಸೋತರೂ ಈ ತೆರಿಗೆ ತಪ್ಪದು.