ದೋಟಿ ಎತ್ತುವ ಮೊದಲು ತಂತಿ ನೋಡಿ

ನರಿಮೊಗರಿನ ನನ್ನ ಅಡಿಕೆ ತೋಟದ ಮೂಡು ಬದಿಯಲ್ಲಿ 11 ಕೆ.ವಿ. ತಂತಿ ಹಾದುಹೋಗಿದೆ. ಗೊನೆ ತೆಗೆಯಲು ಬಂದವರಿಗೆ ಚಹಾ ಕೊಡುವ ಮೊದಲೇ ಅದನ್ನು ತೋರಿಸುತ್ತೇನೆ.

ಕಾಲಿಗೆ ತಳೆ ಹಾಕಿ, ಮರದಿಂದ ಮರಕ್ಕೆ ದಾಟುತ್ತಿದ್ದವರು ಪುತ್ತೂರು, ಸುಳ್ಯ, ಕಡಬದಲ್ಲೆಲ್ಲ ಈಗ ವಿರಳ. ಸಜೀಪಮೂಡದ ಗಣಪತಿ ಭಟ್ಟರ ಮರ ಏರುವ ಬೈಕು 2019ರಲ್ಲಿ ದೇಶಕ್ಕೇ ಸುದ್ದಿಯಾದದ್ದು ಈ ಕೊರತೆಯಿಂದಲೇ. ಆದರೆ ಹೆಚ್ಚು ತೋಟಗಳಿಗೆ ಬಂದದ್ದು ದೋಟಿ. ನೆಲದಲ್ಲೇ ನಿಂತು ಕೆಲಸ ಮಾಡಬಹುದಾದ್ದರಿಂದ ಬೀಳುವ ಭಯ ತಪ್ಪಿತು, ತಂತಿಯ ಭಯ ಶುರುವಾಯಿತು.

ಅಲ್ಯೂಮಿನಿಯಂ ದೋಟಿ ತಂತಿಗೆ ತಾಗಿ ಜೀವ ಹೋದ ಸುದ್ದಿಗಳನ್ನು ನಾವೆಲ್ಲ ಓದಿದ್ದೇವೆ. ಈಗ ಕಾರ್ಬನ್ ಫೈಬರ್ ದೋಟಿ ಹಿಡಿದ ಹುಡುಗರು, "ಇದು ಲೋಹ ಅಲ್ಲ ಅಕ್ಕ, ಶಾಕ್ ಹೊಡೆಯುವುದಿಲ್ಲ" ಅನ್ನುತ್ತಾರೆ. ಈ ನಂಬಿಕೆ ಜೀವ ತೆಗೆಯುವಂಥದ್ದು. ಕಾರ್ಬನ್ ಅಂದರೆ ಇಂಗಾಲ. ಅದರಲ್ಲಿಯೂ ಕರೆಂಟು ಹರಿಯುತ್ತದೆ. ಟಾರ್ಚಿನ ಹಳೇ ಸೆಲ್ ಒಡೆದರೆ ನಡುವೆ ಸಿಗುವ ಕಪ್ಪು ಕಡ್ಡಿಯೂ ಇಂಗಾಲದ್ದೇ. 11,000 ವೋಲ್ಟಿನ ತಂತಿಗೆ ದೋಟಿ ತಾಗಲೇಬೇಕೆಂದೂ ಇಲ್ಲ, ತೀರಾ ಹತ್ತಿರ ಹೋದರೆ ಕಿಡಿಯೇ ಹಾರಿ ಬರುತ್ತದೆ.

ಕೆಲಸ ಮಾಡುವವನ ಕಣ್ಣು ಗೊನೆಯ ಮೇಲಿರುತ್ತದೆ. ತಂತಿ ಸೋಗೆಯ ಮರೆಯಲ್ಲಿರುತ್ತದೆ. ಗೊನೆ ಕಳಚಿದ ಕ್ಷಣ ದೋಟಿ ಬಳುಕಿ ಎತ್ತ ವಾಲುತ್ತದೋ ಹೇಳಲಾಗದು. ಒಂದು ಮರ ಮುಗಿಸಿ ಇನ್ನೊಂದಕ್ಕೆ ಹೋಗುವಾಗ ಅದನ್ನು ನೆಟ್ಟಗೆ ಹಿಡಿದುಕೊಂಡೇ ನಡೆಯುವುದು ಇನ್ನೂ ಅಪಾಯ. ತಂತಿ ಇರುವಲ್ಲಿ ಮಡಚಿ, ಅಡ್ಡ ಹಿಡಿದೇ ದಾಟಬೇಕು. ಮಳೆಗಾಲದಲ್ಲಿ ಕೊಳೆರೋಗಕ್ಕೆ ಬೋರ್ಡೋ ಬಿಡುವಾಗಲಂತೂ ದೋಟಿ, ಪೈಪು, ಮೈಕೈ ಎಲ್ಲ ಒದ್ದೆ.

ಪಂಪಿನ ಸ್ವಿಚ್ ಆಫ್ ಮಾಡಿ ಧೈರ್ಯ ತಂದುಕೊಳ್ಳುವವರಿದ್ದಾರೆ. ಅದರಿಂದ ಮೇಲಿನ ಲೈನು ಆಫ್ ಆಗುವುದಿಲ್ಲ. ತಂತಿಯ ಹತ್ತಿರದ ಮರಗಳಿಗೆ ನಾನು ಕೆಂಪು ಬಣ್ಣ ಬಳಿದಿದ್ದೇನೆ. ಮೆಸ್ಕಾಂನವರು ಬಂದು ಲೈನು ತೆಗೆದ ದಿನವಲ್ಲದೆ ಅಲ್ಲಿ ದೋಟಿ ಎತ್ತಕೂಡದು, ಒಂದೆರಡು ಗೊನೆ ಉದುರಿದರೆ ಉದುರಲಿ. ಯಾರಿಗಾದರೂ ಶಾಕ್ ತಗಲಿದರೆ ಓಡಿಹೋಗಿ ಮುಟ್ಟಬಾರದು ಎಂದೂ ಹೇಳಿಟ್ಟಿದ್ದೇನೆ. ಹೈಟೆನ್ಷನ್ ತಂತಿಯಿಂದ ಒಣಕೋಲಿನಲ್ಲಿ ಬಿಡಿಸಲು ಹೋದವರೂ ಉಳಿಯಲಾರರು. ಮೊದಲು 1912ಕ್ಕೆ ಫೋನ್ ಮಾಡಿ ಲೈನು ತೆಗೆಸಬೇಕು.

ಆ ಸಾಲಿನ ಅಡಿಕೆ ಮರಗಳಿಗೆ ವಯಸ್ಸಾಗಿದೆ. ಕಡಿಸಿದ ಮೇಲೆ ಅಲ್ಲಿ ಕೊಕ್ಕೋ ನೆಡುತ್ತೇನೆ. ಸವರಿ ಗಿಡ್ಡ ಇಟ್ಟುಕೊಂಡರೆ ಅದರ ಕೋಡು ಕೊಯ್ಯಲು ದೋಟಿ ಬೇಡ.